ಮೌನಿ ತಿಂದು ಬಿಟ್ಟ ಹುಗ್ಗಿ

ಸಿಹಿ ಅಂದರೆ ಗೋಪಮ್ಮನಿಗೆ ಪಂಚಪ್ರಾಣ. ಇದನ್ನು ಮುಚ್ಚುಮರೆ ಮಾಡಿ ಹೇಳಬೇಕಾಗಿಲ್ಲ, ಆಕೆಯೇ ಎಂದೂ ಮುಚ್ಚಿಟ್ಟವಳಲ್ಲ. ಹಿರೇಕೊಟ್ನೆಕಲ್ಲಿನ ಅವರ ಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆ ಆದರೂ ಗೋಧಿ ಹುಗ್ಗಿಯ ಕೊಪ್ಪರಿಗೆಯ ಹತ್ತಿರ ಸೌಟು ಹಿಡಿದು ನಿಲ್ಲುವವಳು ಈಕೆಯೇ. ಅದಕ್ಕೆ ಕೂಲಿ ಕೇಳಿದವಳಲ್ಲ. ತಳ ಹತ್ತಿದ ಹುಗ್ಗಿಯನ್ನು ಯಾರೂ ಕೆರೆಯಬಾರದು, ಅದು ತನಗೇ ಬಿಡಬೇಕು ಅನ್ನುವುದಷ್ಟೇ ಆಕೆಯ ಷರತ್ತು. ಹತ್ತಿ ಬಿಡಿಸಲು ಹೋದರೂ ಉಡಿಯಲ್ಲಿ ಬೆಲ್ಲದ ಚೂರು ಇರಲೇಬೇಕು. ಗಂಡ ತಾಯಣ್ಣ ಬದುಕಿದ್ದಾಗ, "ಇಕಿನ್ನ ಮಣ್ಣು ಮಾಡಿದ ಮರುದಿನ ಅಲ್ಲಿ ಇರುವಿ ಸಾಲು ಹಚ್ತಾವ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ನಗಾಡುತ್ತಿದ್ದ. ಪಾಪ, ಮಣ್ಣಾಗುವ ಸರದಿ ಅವನದೇ ಮೊದಲು ಬಂತು.

ಅಂಥವಳಿಗೆ ಶುಗರ್ ಬಂತು. ಬಂದದ್ದು ಯಾವ ಕಾಲಕ್ಕೋ, ಗೊತ್ತಾದದ್ದು ಮಾತ್ರ ಬಲಗಾಲಿನ ಹೆಬ್ಬೆರಳು ಕಪ್ಪಗಾದ ಮೇಲೆ. ರಾಯಚೂರಿನ ಆಸ್ಪತ್ರೆಯಲ್ಲಿ ಆ ಬೆರಳು ತೆಗೆದರು. ಮಗ ಶೇಖರ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್. ಪಟ್ಟಿ ಕಟ್ಟಿದ ಕಾಲಿನ ತಾಯಿಯನ್ನು ಆಸ್ಪತ್ರೆಯಿಂದ ನೇರ ತನ್ನ ಕ್ವಾರ್ಟರ್ಸಿಗೇ ಕರೆತಂದ. ಇನ್ನು ಮುಂದೆ ಸಿಹಿಯ ಹೆಸರೆತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಗೋಪಮ್ಮ ಹೆಸರೆತ್ತಲಿಲ್ಲ. ಸುಮ್ಮನೆ ಕದ್ದು ತಿಂದಳು. ಸಕ್ಕರೆ ಡಬ್ಬಿಯನ್ನು ಸೊಸೆ ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆದಳು. ಪಕ್ಕದ ಮನೆಯ ಖತೀಜಾ ಬೀ ಸತ್ತವರ ಹೆಸರಲ್ಲಿ ಓದಿಸಿದ ಫಾತೆಹಾದ ಖೀರು ಕೊಟ್ಟರೆ ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು ಕುಡಿದಳು. ಒಮ್ಮೆ ಹಾಗೆ ಕುಡಿದು ಅಲ್ಲೇ ಕುಸಿದು ಬಿದ್ದಳು, ಸೊಸೆ ಕಲ್ಯಾಣಿ ಬಾಗಿಲು ಒಡೆಸಬೇಕಾಯಿತು.

ಕಲ್ಯಾಣಿ ದೇವದುರ್ಗದ ಹೆಣ್ಣುಮಗಳು, ಪ್ರೈಮರಿ ಶಾಲೆಯ ಟೀಚರು. ಅವಳ ತಂದೆ ಇದೇ ಕಾಯಿಲೆಯಲ್ಲಿ ಮೊದಲು ಕಣ್ಣು, ಆಮೇಲೆ ಕಿಡ್ನಿ ಕಳೆದುಕೊಂಡು ಹೋದವರು. ಮನೆಯವರೆಲ್ಲ ಬೇಡ ಬೇಡ ಅಂದಷ್ಟೂ ಆ ಮನುಷ್ಯ ಕದ್ದು ತಿಂದಿದ್ದರು. ಹಾಗಾಗಿ ಕಲ್ಯಾಣಿ ಬೇರೆ ದಾರಿ ಹಿಡಿದಳು. ಮೊಬೈಲಿನಲ್ಲಿ ನೋಡಿ ನೋಡಿ ಶುಗರ್ ಇದ್ದವರು ತಿನ್ನುವ ಸಿಹಿಗಳನ್ನು ಕಲಿತಳು. ಸ್ಟೀವಿಯಾ ಎಂಬ ಎಲೆಯ ಸಾರದಿಂದ ಮಾಡಿದ ಬಿಳಿ ಪುಡಿ ತರಿಸಿದಳು. ಚಿಟಿಕೆ ಹಾಕಿದರೆ ಬಾಯಿಗೆ ಸಿಹಿ, ರಕ್ತಕ್ಕೆ ಏನೂ ಇಲ್ಲ. ಹುಗ್ಗಿಗೆ ಗೋಧಿ ಅರ್ಧ ಹಾಕಿ ಉಳಿದರ್ಧಕ್ಕೆ ಸೋರೆಕಾಯಿ ತುರಿದು ಸೇರಿಸಿದಳು, ಹಾಲಿನ ಕೆನೆ ತೆಗೆದಳು, ತುಪ್ಪವನ್ನು ಬರೀ ವಾಸನೆಗೆ ತೋರಿಸಿದಳು. ಬೆಲ್ಲದ ಬಣ್ಣ ಬರಬೇಕಲ್ಲ, ಅದಕ್ಕೆ ರಾಗಿ ಹಿಟ್ಟು ಕೆಂಪಗೆ ಹುರಿದು ಕದಡಿದಳು.

ಬಟ್ಟಲು ಅತ್ತೆಯ ಮುಂದಿಟ್ಟು, "ಡಾಕ್ಟರ್ ದಿನಾ ಒಂದು ಬಟ್ಟಲ ಕೊಡ್ರಿ ಅಂದಾರ್ರಿ ಅತ್ತಿ. ಹಳೇ ಬೆಲ್ಲದಾಗ ಮಾಡಿದ್ದು ನಡೀತದಂತ" ಅಂದಳು.

ಅದು ಅಪ್ಪಟ ಸುಳ್ಳು. ನಿಜ ಹೇಳಿದರೆ ಮುದುಕಿ ಬಟ್ಟಲನ್ನು ಮುಟ್ಟುವುದಿಲ್ಲ, ಮತ್ತೆ ಡಬ್ಬಿ ಹುಡುಕುತ್ತಾಳೆ ಎಂದು ಕಲ್ಯಾಣಿಗೆ ಖಾತ್ರಿಯಿತ್ತು. ಗಂಡನಿಗೆ ಮಾತ್ರ ಹೇಳಿದ್ದಳು. ಅವನು ನಕ್ಕಿದ್ದ.

ಗೋಪಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಸಿಹಿ ಬಂತು. ಬಂದ ಸಿಹಿ ನಿಲ್ಲಲಿಲ್ಲ. ನಾಲಿಗೆಯ ತುದಿಗೆ ತಾಕಿ, ಗಂಟಲಿಗೆ ಇಳಿಯುವ ಮೊದಲೇ ಎತ್ತಲೋ ಹೋಯಿತು. ಬೆಲ್ಲ ಹಾಗೆ ಮಾಡುವುದಿಲ್ಲ, ಅದು ನಾಲಿಗೆಯ ಬುಡದಲ್ಲಿ ಕೂತು ನೀರು ಕುಡಿದ ಮೇಲೂ ಎದ್ದು ಹೋಗುವುದಿಲ್ಲ. ಇದರಲ್ಲಿ ಸಿಹಿಯ ಸಿಪ್ಪೆ ಇತ್ತು, ತಿರುಳು ಇರಲಿಲ್ಲ. ಸೊಸೆ ಎದುರಿಗೇ ನಿಂತಿದ್ದಳು, ಪ್ರೀತಿಯಿಂದ ಮಾಡಿದ್ದಳು. "ಚಲೋ ಆಗ್ಯಾದವ್ವ" ಎಂದು ಪೂರ್ತಿ ತಿಂದಳು.

ಮರುದಿನವೂ ಹಾಗೇ. ಸಜ್ಜಿಗೆ, ಶಾವಿಗೆ ಪಾಯಸ, ನವಣೆ ಹೋಳಿಗೆ, ಏನು ಮಾಡಿದರೂ ಮುಂದೆ ಸಿಹಿ, ಹಿಂದೆ ಖಾಲಿ. ನನ್ನ ನಾಲಿಗಿ ಸತ್ತು ಹೋತೇನು ಎಂದು ಗೋಪಮ್ಮನಿಗೆ ಹೆದರಿಕೆಯಾಯಿತು. ಉಪ್ಪಿನಕಾಯಿ ನೆಕ್ಕಿ ನೋಡಿದಳು, ಹುಣಸೆಹಣ್ಣು ಚೀಪಿ ನೋಡಿದಳು. ಉಪ್ಪು ಉಪ್ಪೇ, ಹುಳಿ ಹುಳಿಯೇ. ನಾಲಿಗೆ ನೆಟ್ಟಗೇ ಇತ್ತು. ಆ ಖಾಲಿ ರುಚಿಯನ್ನು ಹಿಂದೆಲ್ಲೋ ತಿಂದಿದ್ದೇನೆ ಎಂದು ಆಕೆಗೆ ಅನಿಸುತ್ತಲೇ ಇತ್ತು.

ಬಟ್ಟೆ ಮಡಚುತ್ತ ಕೂತಿದ್ದಾಗ ಒಂದು ದಿನ ಥಟ್ಟನೆ ನೆನಪಾಯಿತು. ಅದು ಎಡೆಯ ರುಚಿ.

ಊರಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದ ಕಾಲದ ಮಾತು. ಅಡುಗೆ ಮಾಡುವವರು ಉಪ್ಪು ಸಿಹಿ ನೋಡುವ ಹಾಗಿಲ್ಲ. ಎಂಜಲಾಗದ ಅಡುಗೆಯನ್ನು ಒಳಗಿಟ್ಟು, ಕದ ಮುಂದೆ ಮಾಡಿ, ಮನೆಮಂದಿಯೆಲ್ಲ ಹೊರಗೆ ಕಟ್ಟೆಯ ಮೇಲೆ ಕೂರಬೇಕು. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಕದ ತೆರೆಯಬೇಕು. ಆಮೇಲೆ ಅದೇ ಊಟ ಎಲ್ಲರಿಗೂ. ಸಪ್ಪಗದ ಎಂದು ಹುಡುಗರು ಮುಖ ಮಾಡಿದರೆ ಗೋಪಮ್ಮನ ಅತ್ತೆ, "ಹಿರೇರು ಉಂಡು ಹೋಗ್ಯಾರಲೇ, ರುಚಿ ಅವರು ತಗೊಂಡಾರ, ನಮಗ ಅನ್ನ ಬಿಟ್ಟಾರ" ಎಂದು ಗದರುತ್ತಿದ್ದಳು. ಶೇಖರ ನೌಕರಿಗೆ ಸೇರಿ, ಬುದ್ಧನ ದೀಕ್ಷೆ ತೆಗೆದುಕೊಂಡ ಮೇಲೆ ಮನೆಯಲ್ಲಿ ಎಡೆ ನಿಂತಿತು. ಹಾಲ್‌ನಲ್ಲಿ ಈಗ ಬುದ್ಧನದೂ ಬಾಬಾಸಾಹೇಬರದೂ ಫೋಟೊ. ಗೋಪಮ್ಮನೂ ದಿನಾ ಅವರಿಗೆ ಕೈ ಮುಗಿಯುತ್ತಾಳೆ.

ಆದರೆ ಈ ಬಟ್ಟಲಿನ ಸಿಹಿಯನ್ನು ತನಗಿಂತ ಮೊದಲು ಯಾರೋ ತಿನ್ನುತ್ತಿದ್ದಾರೆ. ಅದರಲ್ಲಿ ಆಕೆಗೆ ಅನುಮಾನ ಉಳಿಯಲಿಲ್ಲ.

ಯಾರಿರಬಹುದು? ತಾಯಣ್ಣನಂತೂ ಅಲ್ಲ. ಆ ಮನುಷ್ಯ ಬದುಕಿದ್ದಾಗ ಸಿಹಿ ಮುಟ್ಟಿದವನಲ್ಲ, ಮೆಣಸಿನಕಾಯಿ ಕಚ್ಚಿಕೊಂಡು ಶೇಂದಿ ಕುಡಿದವನು, ಸತ್ತ ಮೇಲೆ ಪಾಯಸಕ್ಕೆ ಬರುತ್ತಾನೆಯೇ? ಅತ್ತೆಗೆ ಹಲ್ಲೇ ಇರಲಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಹೋದ ಗೋಪಮ್ಮನ ಕೈ ಮಡಚುತ್ತಿದ್ದ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಉಳಿದವಳು ಒಬ್ಬಳೇ. ಮೌನೇಶ್ವರಿ. ಮೌನಿ.

ಶೇಖರ ಹುಟ್ಟುವ ಮೊದಲೇ ಹೋದ ಮಗಳು ಅವಳು. ಅವಳ ಹೆಸರನ್ನು ಗೋಪಮ್ಮ ಮಗನ ಮುಂದಾಗಲಿ ಸೊಸೆಯ ಮುಂದಾಗಲಿ ಆಡಿದವಳಲ್ಲ. ಶಾಲೆಗೆ ಹಾಕುವ ವಯಸ್ಸಿನ ಹುಡುಗಿ, ತಾಯಿಯ ಸಿಹಿಯ ಹುಚ್ಚು ಇಡಿಯಾಗಿ ಅವಳಿಗೆ ಬಂದಿತ್ತು. ಹೊಲದಲ್ಲಿ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ತಾಯಿ ಅಡ್ಡಾದರೆ, ಕಾಲಿನ ಹೆಬ್ಬೆರಳು ಹಿಡಿದು ಜಗ್ಗಿ ಎಬ್ಬಿಸಿ, "ಯವ್ವಾ, ಬೆಲ್ಲ" ಅನ್ನುತ್ತಿದ್ದಳು. ಒಂದು ಸಲ ಜ್ವರ ಬಂತು. ಅದೇ ದಿನ ಕೇರಿಯಲ್ಲಿ ಮದುವೆ. ಗೋಪಮ್ಮ ಹುಗ್ಗಿ ತಂದಳು. ಜ್ವರದಲ್ಲಿ ಸಿಹಿ ಕೊಟ್ಟರೆ ನಂಜಾಗುತ್ತದೆ ಎಂದು ಹಿರಿಯರು ಅಂದರು. ಗೋಪಮ್ಮ ನಂಬಿದಳು, ಹುಗ್ಗಿಯ ಪಾತ್ರೆಯನ್ನು ತೊಲೆಗೆ ಕಟ್ಟಿದ ಹಗ್ಗದ ನೆಲುವಿಗೆ ಇಟ್ಟು, "ಜರ ಇಳೀಲಿ, ಕೊಡ್ತೀನಿ" ಅಂದಳು. ಹುಡುಗಿ ಮಲಗಿದಲ್ಲಿಂದಲೇ ತೂಗಾಡುವ ನೆಲುವನ್ನು ನೋಡುತ್ತಿತ್ತು. ಬೆಳಗಾಗುವುದರೊಳಗೆ ಹೋಯಿತು. ಮದುವೆಯಾಗದೆ ಸತ್ತ ಮಕ್ಕಳು ಹಿರಿಯರ ಲೆಕ್ಕಕ್ಕೆ ಬರುವುದಿಲ್ಲ, ಅವರಿಗೆ ಎಡೆಯಿಲ್ಲ. ಮೌನಿಗೆ ಆ ಮನೆಯಲ್ಲಿ ಒಂದು ತುತ್ತನ್ನೂ ಯಾರೂ ಇಡಲಿಲ್ಲ.

ಎಡೆ ಸಿಗದ ಹುಡುಗಿ ತಾನೇ ಹುಡುಕಿಕೊಂಡು ಬಂದಿದ್ದಾಳೆ ಅನಿಸಿದಾಗ ಗೋಪಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಹೆದರಿಕೆ ಹೌದು, ಅದಕ್ಕಿಂತ ದೊಡ್ಡದಾಗಿ ಸಂತೋಷ.

ಮರುದಿನದಿಂದ ಆಕೆಯ ರೀತಿಯೇ ಬದಲಾಯಿತು. ಬೆಳಿಗ್ಗೆ ಶೇಖರ ಡ್ಯೂಟಿಗೆ, ಕಲ್ಯಾಣಿ ಶಾಲೆಗೆ. ಮನೆಯಲ್ಲಿ ಗೋಪಮ್ಮ ಒಬ್ಬಳೇ. ದೂರದ ಸ್ಥಾವರದ ಗುಂಯ್ ಅನ್ನುವ ಸದ್ದು ಗೋಡೆಯೊಳಗಿಂದ ಬಂದಂತೆ ಬರುತ್ತಿತ್ತು. ಮಧ್ಯಾಹ್ನ ಬಟ್ಟಲನ್ನು ತನ್ನ ಕೋಣೆಯ ನೆಲದ ಮೇಲಿಟ್ಟು, ಕದ ಮುಂದೆ ಮಾಡಿ, ಹಾಲ್‌ನಲ್ಲಿ ಫೋಟೊಗಳಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಅವರಿಗೆ ಇದು ಸರಿ ಬರುವುದಿಲ್ಲವೆಂದು ಆಕೆಗೆ ಗೊತ್ತು. ಒಳಗಿಂದ ಒಮ್ಮೊಮ್ಮೆ ಬಟ್ಟಲು ನೆಲದ ಮೇಲೆ ಸರಿದ ಸದ್ದು ಕೇಳುತ್ತಿತ್ತು. ಕೆಮ್ಮಿ ಕದ ತೆರೆದರೆ ಯಾರೂ ಇಲ್ಲ. ಕೋಣೆಯಲ್ಲಿ ಮಾತ್ರ ಒದ್ದೆ ಬಟ್ಟೆಯ ವಾಸನೆ, ಜ್ವರದ ಹಣೆಗೆ ಹಾಕಿ ಹಾಕಿ ಹಿಂಡಿದ ಬಟ್ಟೆಯದು. ಬಟ್ಟಲಿನದು ಬಟ್ಟಲಿನಲ್ಲೇ ಇರುತ್ತಿತ್ತು. ತಿಂದರೆ ಮುಂದೆ ಸಿಹಿ, ಹಿಂದೆ ಖಾಲಿ.

"ತಿಂದೇನವ್ವ? ಹೊಟ್ಟಿ ತುಂಬ್ತೇನು?" ಎಂದು ಖಾಲಿ ಕೋಣೆಯನ್ನು ಕೇಳಿ, ಉಳಿದದ್ದನ್ನು ತಾನು ತಿನ್ನುತ್ತಿದ್ದಳು.

ಸ್ಥಾವರದ ಬೂದಿ ಗಾಳಿಯಲ್ಲಿ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂರುವುದು ಶಕ್ತಿನಗರದಲ್ಲಿ ಹೊಸದೇನಲ್ಲ. ದಿನಾ ಒರೆಸಬೇಕು. ಒಂದು ದಿನ ಗೋಪಮ್ಮನಿಗೆ ಆ ಬೂದಿಯಲ್ಲಿ ಪುಟ್ಟ ಬೆರಳುಗಳ ಗುರುತು ಕಂಡಿತು. ಗುಬ್ಬಿಯ ಕಾಲೂ ಇರಬಹುದಿತ್ತು, ಅದು ಕಥೆ ಹೇಳುವ ನನ್ನ ಮಾತು, ಆಕೆಯದಲ್ಲ. "ನನ್ನ ಕಿಟಕಿ ಒರಸಬ್ಯಾಡವ್ವ, ನಾ ಒರಸ್ಕೊಂತೀನಿ" ಎಂದು ಸೊಸೆಗೆ ಹೇಳಿದಳು, ಒರೆಸಲೇ ಇಲ್ಲ. ಮಲಗಿದಾಗ ಬಲಗಾಲಿನಲ್ಲಿ ಇಲ್ಲದ ಹೆಬ್ಬೆರಳನ್ನು ಯಾರೋ ಹಿಡಿದು ಜಗ್ಗುತ್ತಿದ್ದರು. ಬೆರಳು ತೆಗೆದವರಿಗೆ ಹೀಗೆ ಅನಿಸುವುದುಂಟು ಎಂದು ಆಸ್ಪತ್ರೆಯಲ್ಲಿ ನರ್ಸು ಮೊದಲೇ ಹೇಳಿದ್ದಳು. ಹಿಡಿಯುವ ಕೈ ಯಾರದೆಂದು ಗೋಪಮ್ಮನಿಗೆ ನರ್ಸು ಹೇಳಬೇಕಾಗಿರಲಿಲ್ಲ.

ಈ ಗುಟ್ಟನ್ನು ಹೇಳಿದ್ದು ಖತೀಜಾ ಬೀಗೆ ಒಬ್ಬಳಿಗೇ. ಆಕೆ ನಗಲಿಲ್ಲ. "ನಮ್ಮೋರೂ ಬರ್ತಾರಮ್ಮಾ. ಗುರುವಾರ, ಜುಮ್ಮೇರಾತ್ ದಿನ ಬಾಗಲಾಗ ನಿಂತು, ನಮ್ಮ ಸಲುವಾಗಿ ಏನರ ಮಾಡ್ಯಾರೇನು ಅಂತ ನೋಡಿ ಹೋಗ್ತಾರ" ಅಂದಳು. ಗೋಪಮ್ಮನಿಗೆ ಇನ್ನಷ್ಟು ಧೈರ್ಯ ಬಂತು.

ಒಂದು ರಜೆಯ ದಿನ ಶೇಖರ ತಾಯಿಯ ಗೊಣಗಾಟ ಕೇಳಿ ಬಾಗಿಲಲ್ಲಿ ನಿಂತ. "ಯವ್ವಾ, ಯಾರ ಜೋಡಿ ಮಾತಾಡಾಕತ್ತಿ?"

"ಯಾರ ಜೋಡಿ ಮಾತಾಡ್ಲಿ? ನೀವು ಮನ್ಯಾಗ ಇದ್ರ ತಾನ ಮಾತಾಡಾಕ" ಎಂದು ಅವನಿಗೇ ತಿರುಗಿಸಿ ಹಾಕಿದಳು.

ಇತ್ತ ರಕ್ತ ಪರೀಕ್ಷೆ ಮಾಡಿಸಿದಾಗೆಲ್ಲ ಶುಗರ್ ಇಳಿಯುತ್ತ ಬಂತು. ಕಲ್ಯಾಣಿಯ ಮುಖ ಅರಳುತ್ತಿತ್ತು. ಗೋಪಮ್ಮನೂ ತನ್ನ ಲೆಕ್ಕ ಹಾಕಿಕೊಂಡಿದ್ದಳು. ಬಟ್ಟಲಿನ ಸಕ್ಕರೆಯನ್ನೆಲ್ಲ ಮಗಳು ತಿಂದು ಹೋದರೆ ತಾಯಿಯ ಮೈಗೆ ಎಲ್ಲಿಂದ ಸೇರಬೇಕು? ಹುಡುಗಿ ತನ್ನ ಹಸಿವೂ ತೀರಿಸಿಕೊಂಡು ತಾಯಿಯ ಕಾಯಿಲೆಯನ್ನೂ ಹೊರುತ್ತಿದ್ದಾಳೆ. ಎಷ್ಟೋ ವರ್ಷಗಳ ಮೇಲೆ ಆಕೆ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದಳು.

ಹಾಗಿರುವಾಗ ರಾಯಚೂರಿನ ಆಸ್ಪತ್ರೆಗೆ ತೋರಿಸಲು ಹೋದರು. ಡಾಕ್ಟರ್ ಅಂಬರೀಶ ರಿಪೋರ್ಟನ್ನು ಎರಡೆರಡು ಸಲ ನೋಡಿದರು. "ಏನ್ ಗೋಪಮ್ಮಾರ, ಏನು ಜಾದೂ ಮಾಡೀರಿ? ಹಿಂಗ ಇಳಿದದ್ದು ನಾ ಭಾಳ ಕಡಿಮಿ ನೋಡೀನಿ."

ಹೇಳಿಬಿಡಲೇ ಎಂದು ಗೋಪಮ್ಮನಿಗೆ ಅನಿಸಿತು. ನನ್ನ ಮಗಳು ಬರ್ತಾಳ್ರಿ, ಆಕಿ ತಿಂತಾಳ್ರಿ. ಮಾತು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಕಲ್ಯಾಣಿ ವ್ಯಾನಿಟಿ ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಿಗ್ಗು.

"ಇದ್ರಿ ಸರ್ ಜಾದೂ. ಇಷ್ಟು ದಿನ ಅತ್ತಿಗೆ ಒಂದು ಹರಳು ಸಕ್ರಿ ಕೊಟ್ಟಿಲ್ಲ, ಒಂದು ಚೂರು ಬೆಲ್ಲ ಕೊಟ್ಟಿಲ್ಲ. ಎಲ್ಲಾ ಇದರಾಗ ಮಾಡೀನಿ. ಅವ್ರಿಗೆ ಇವತ್ತಿನ ತನಕ ಗೊತ್ತಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಸಿಟ್ಟಾಗಬ್ಯಾಡ್ರಿ ಅತ್ತಿ. ನಿಮ್ಮ ಸಲುವಾಗೇ ಸುಳ್ಳು ಹೇಳಿದೆ."

ಡಾಕ್ಟರು ಶಭಾಷ್ ಅಂದರು. ಗೋಪಮ್ಮ ಡಬ್ಬಿಯನ್ನು ಎಳೆದುಕೊಂಡು, ಮುಚ್ಚಳ ತೆಗೆದು, ಬಿಳಿ ಪುಡಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಸಿಹಿ ಬಂತು, ತುದಿಗೆ ತಾಕಿತು, ಎತ್ತಲೋ ಹೋಯಿತು. ಅದೇ ಸಿಪ್ಪೆ, ಅದೇ ಖಾಲಿ. ಇದನ್ನು ಯಾರೂ ತಿಂದು ಬಿಟ್ಟಿರಲಿಲ್ಲ, ಇದು ಅಂಗಡಿಯಿಂದ ಬಂದ ಡಬ್ಬಿ.

"ಇದು ಮೊದಲಿಂದ್ಲೂ ಹಿಂಗೇ ಏನವ್ವ?" ಎಂದು ಕೇಳಿದಳು.

"ಹೂಂ ಅತ್ತಿ. ಎಲಿ ಪುಡಿ ಅಲ್ಲೇನ್ರಿ, ಹಿಂದ ಸ್ವಲ್ಪ ಸಪ್ಪಗಾಗ್ತದ."

ಗೋಪಮ್ಮ ಮುಚ್ಚಳ ಹಾಕಿ ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು. ಶಕ್ತಿನಗರದ ಬಸ್ಸಿನಲ್ಲಿ ಇಳಿಯುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು.

ಆ ದಿನದಿಂದ ಬಟ್ಟಲು ಮುಟ್ಟಲಿಲ್ಲ. ಸಕ್ಕರೆ ಡಬ್ಬಿಯನ್ನೂ ಹುಡುಕಲಿಲ್ಲ. ಕೋಣೆಯ ಕಿಟಕಿಯ ಬೂದಿಯನ್ನು ತಾನೇ ಒರೆಸಿದಳು. ಅನ್ನವೂ ಕಡಿಮೆಯಾಯಿತು. ಕಲ್ಯಾಣಿ ತಪ್ಪಾಯಿತು ಅಂದಳು, ಇನ್ನು ಸುಳ್ಳು ಹೇಳುವುದಿಲ್ಲ ಅಂದಳು, ಕಡೆಗೆ ಅತ್ತೆಯ ಕಾಲ ಹತ್ತಿರ ಕೂತು ಅತ್ತಳು.

"ನಿನ್ನ ಮ್ಯಾಲ ಸಿಟ್ಟಿಲ್ಲವ್ವ" ಅಂದಳು ಗೋಪಮ್ಮ. "ಒಳ್ಳೇದಾಗ್ಲಿ ಅಂತ ನೀ ಮಾಡಿದಿ. ನಾನೂ ಒಮ್ಮೆ ಒಳ್ಳೇದಾಗ್ಲಿ ಅಂತ ಹಿಂಗೇ ಮಾಡಿದ್ದೆ." ಆಮೇಲೆ ಮೌನಿಯ ಕಥೆಯನ್ನೆಲ್ಲ ಹೇಳಿದಳು. ಜ್ವರ, ನೆಲುವು, ಮುಚ್ಚಿದ ಕದ, ಖಾಲಿ ರುಚಿ. ಗಂಡನಿಗೆ ಒಬ್ಬ ಅಕ್ಕ ಇದ್ದಳೆಂದು ಕಲ್ಯಾಣಿಗೆ ಗೊತ್ತಾದದ್ದು ಆವತ್ತೇ. ಅವಳು ಅತ್ತೆಯ ಕೈ ಹಿಡಿದುಕೊಂಡು ಕೂತಳು.

"ನನಗ ಒಂದು ಸಲ ಖರೇ ಬೆಲ್ಲದಾಗ ಆಕಿಗೆ ಎಡಿ ಇಡಬೇಕಾಗ್ಯಾದ" ಅಂದಳು ಗೋಪಮ್ಮ. "ಊರಾಗ, ಆಕಿ ಇದ್ದ ಮನ್ಯಾಗ. ಆಕಿ ಬಂದಿದ್ರ ಆ ಬೆಲ್ಲ ಸಪ್ಪಗಾಗ್ತದ. ನನ್ನ ನಾಲಿಗಿಗೆ ಗೊತ್ತಾಗ್ತದ. ಬರ್ಲಿಲ್ಲ ಅಂದ್ರ..."

ಶೇಖರ ಒಪ್ಪಲಿಲ್ಲ. ಬಿಟ್ಟದ್ದನ್ನು ಮತ್ತೆ ಹಿಡಿಯುವುದೇನು ಎಂದ. ಕಲ್ಯಾಣಿ ಮದುವೆಯಾದಾಗಿನಿಂದ ಗಂಡನ ಎದುರು ದನಿ ಎತ್ತಿದವಳಲ್ಲ, ಅಂದು ಎತ್ತಿದಳು. ಭಾನುವಾರ ಅತ್ತೆ ಸೊಸೆ ಇಬ್ಬರೇ ಮಾನವಿಯ ಬಸ್ಸು ಹತ್ತಿದರು. ಮಾನವಿ ಬಜಾರಿನಲ್ಲಿ ಬೆಲ್ಲವನ್ನು ಗೋಪಮ್ಮ ಮೂಸಿ, ಉಗುರಿನಿಂದ ಕೆರೆದು ನೋಡಿ ಆರಿಸಿದಳು. ನಾಲಿಗೆಗೆ ಮಾತ್ರ ತಾಕಿಸಲಿಲ್ಲ.

ಹಿರೇಕೊಟ್ನೆಕಲ್ಲಿನ ಒಂದಂಕಣದ ಮನೆಯಲ್ಲಿ ಈಗ ಗಂಡನ ಅಣ್ಣನ ಮಗ ಆಂಜನೇಯ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಒಟ್ಟುತ್ತಿದ್ದ. ಚಿಗವ್ವ ಬಂದಳೆಂದು ಅವನ್ನೆಲ್ಲ ಹೊರಗೆ ಹಾಕಿಕೊಟ್ಟ. ವಿಷಯ ಕೇಳಿ, "ಸಣ್ಣ ಹುಡುಗ್ರಿಗೆ ಎಡಿ ಇಡೋದು ಎಲ್ಲಿ ಅದ ಚಿಗವ್ವಾ?" ಅಂದ.

"ಇವತ್ತಿನಿಂದ ಅದ" ಎಂದಳು ಗೋಪಮ್ಮ.

ಕಲ್ಯಾಣಿ ಒಲೆ ಹೊತ್ತಿಸಿಕೊಟ್ಟಳು, ಅಷ್ಟೇ. ಉಳಿದದ್ದನ್ನೆಲ್ಲ ಗೋಪಮ್ಮ ಒಬ್ಬಳೇ ಮಾಡಿದಳು. ಕುಟ್ಟಿದ ಗೋಧಿ ಅರಳುವವರೆಗೆ ಬೇಯಿಸಿದಳು, ಬೆಲ್ಲ ಕರಗಿಸಿ ಸೋಸಿ ಹಾಕಿದಳು, ಕೊಬ್ಬರಿ, ಗಸಗಸೆ, ಏಲಕ್ಕಿ, ಕೈ ಹಿಡಿಯದೆ ತುಪ್ಪ. ಬೆಲ್ಲದ ಕುದಿಯ ವಾಸನೆ ಮನೆ ತುಂಬಿ ಕೇರಿಗೆ ಹರಡಿತು. ಬಾಯಲ್ಲಿ ನೀರು ಬರುತ್ತಿತ್ತು, ನುಂಗಿಕೊಂಡಳು. ಬೆರಳಿಗೆ ಹತ್ತಿದ್ದನ್ನು ನೆಕ್ಕದೆ ಸೀರೆಗೆ ಒರೆಸಿಕೊಂಡಳು. ಅಷ್ಟು ವರ್ಷ ಬೆಲ್ಲಕ್ಕೆ ಜೀವ ಬಿಟ್ಟ ಹೆಂಗಸಿಗೆ ಅದೆಷ್ಟು ಕಷ್ಟವಾಯಿತೋ ಆಕೆಗೇ ಗೊತ್ತು. ನೆಲುವು ಇದ್ದ ತೊಲೆಯ ನೇರಕ್ಕೆ, ಹುಡುಗಿ ಮಲಗುತ್ತಿದ್ದ ಮೂಲೆಯಲ್ಲಿ ಹುಗ್ಗಿ ಬಡಿಸಿದ ಗಂಗಾಳ ಇಟ್ಟಳು. "ಬಾರವ್ವ, ಜರ ಇಳಿದದ" ಅಂದು ಹೊರಗೆ ಬಂದು ಕದ ಮುಂದೆ ಮಾಡಿದಳು.

ಕಟ್ಟೆಯ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕೂತರು. ಸುಡುಸುಡು ಮಧ್ಯಾಹ್ನ, ಕೇರಿಯಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಒಳಗೆ ಗಂಗಾಳ ಸರಿದಂತೆ ಸಣ್ಣ ಸದ್ದಾಯಿತು. ಗೋಪಮ್ಮ ಸೊಸೆಯ ಮುಖ ನೋಡಿದಳು. ಕಲ್ಯಾಣಿಯೂ ಕೇಳಿದ್ದಳು, ಅವಳ ತೋಳಿನ ಕೂದಲು ನಿಮಿರಿದ್ದವು. ಗೋಪಮ್ಮನ ಬಲಗಾಲಿನಲ್ಲಿ ಇಲ್ಲದ ಬೆರಳು ಮಿಡಿಯುತ್ತಿತ್ತು. ಬಂದಾಳ, ಬಂದಾಳ ಎಂದು ಆಕೆಯ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಹುಡುಗಿ ನಿಧಾನಕ್ಕೆ ತಿನ್ನಲಿ ಎಂದು ಇನ್ನಷ್ಟು ಹೊತ್ತು ಕೂತಳು. ಕಡೆಗೆ ಕೆಮ್ಮಿ ಎದ್ದಳು.

ಒಳಗೆ ಗಂಗಾಳ ಇಟ್ಟಲ್ಲೇ ಇತ್ತು. ಗೋಪಮ್ಮ ಅದರ ಮುಂದೆ ಕೂತು, ಒಂದು ತುತ್ತು ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ಸಿಹಿಯಾಗಿತ್ತು. ತುದಿಯಿಂದ ಬುಡದವರೆಗೆ, ಬುಡದಿಂದ ಗಂಟಲಿಗೆ, ಗಂಟಲಿಂದ ಎದೆಗೆ, ತುಂಬಿ ತುಂಬಿ ಸಿಹಿಯಾಗಿತ್ತು. ಅಂಥ ಹುಗ್ಗಿಯನ್ನು ಆಕೆ ತನ್ನ ಜನ್ಮದಲ್ಲಿ ಮಾಡಿರಲಿಲ್ಲ. ಒಂದು ಕಣದಷ್ಟು ರುಚಿಯನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

"ಹೆಂಗಾಗ್ಯಾದ ಅತ್ತಿ?" ಕಲ್ಯಾಣಿ ಬಾಗಿಲಿನಿಂದ ಕೇಳಿದಳು, ಹೆದರುತ್ತ.

"ಭಾಳ ಸಿಹಿ ಅದವ್ವ" ಅಂದ ಗೋಪಮ್ಮನಿಗೆ ಅಳು ತಡೆಯಲಾಗಲಿಲ್ಲ. ಮಗ್ಗುಲಿಗೆ ಬಂದು ಕೂತ ಸೊಸೆಯ ಹೆಗಲಿಗೆ ಹಣೆ ಹಚ್ಚಿ, ಮೌನಿ ಹೋದ ದಿನ ಅಳದೆ ಬಿಟ್ಟದ್ದನ್ನೂ ಸೇರಿಸಿ ಅತ್ತಳು. ಬಾಯಲ್ಲಿನ ಸಿಹಿ ಹೋಗಲೊಲ್ಲದು. ಹೊರಗೆ ಬಂದು ನೀರು ಮುಕ್ಕಳಿಸಿ ಉಗುಳಿದಳು, ಆದರೂ ಹೋಗಲಿಲ್ಲ. ಹುಗ್ಗಿಯನ್ನು ಆಂಜನೇಯನ ಮನೆಗೆ ಕೊಟ್ಟು, ಗಂಗಾಳ ತೊಳೆದಿಟ್ಟು, ಸಂಜೆಯ ಬಸ್ಸಿಗೆ ಹೊರಟರು.

ಬಸ್ಸು ಮಾನವಿ ದಾಟಿದ ಮೇಲೆ ಗೋಪಮ್ಮ ಮಾತಾಡಿದಳು. "ನಾಳಿಂದ ನಿಂದೇ ಹುಗ್ಗಿ ಮಾಡವ್ವ. ಆ ಡಬ್ಬಿ ಪುಡಿ ಹಾಕಿ."

"ಅದು ನಿಮಗ ಸಪ್ಪಗ ಆಗ್ತದಲ್ರಿ ಅತ್ತಿ."

"ಆಗ್ಲಿ. ನನಗ ಸಪ್ಪಂದೇ ಬೇಕು."

ಕಲ್ಯಾಣಿ ಮರುದಿನ ಶಾಲೆಗೆ ರಜೆ ಹಾಕಿದಳು. ಸೋರೆಕಾಯಿ ತುರಿದು, ರಾಗಿ ಹಿಟ್ಟು ಹುರಿದು, ಪುಡಿ ಹಾಕಿ ಹುಗ್ಗಿ ಮಾಡಿದಳು. ಬಟ್ಟಲನ್ನು ಅತ್ತೆಯ ಕೈಗೆ ಕೊಡಲಿಲ್ಲ. ತಾನೇ ಕೋಣೆಗೆ ಒಯ್ದು ನೆಲದ ಮೇಲಿಟ್ಟು, ಕದ ಮುಂದೆ ಮಾಡಿ, ಹಾಲ್‌ನಲ್ಲಿ ಗೋಪಮ್ಮನ ಪಕ್ಕಕ್ಕೆ ಬಂದು ಕೂತಳು. ಸ್ಥಾವರದ ಗುಂಯ್ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಸಾಕಷ್ಟು ಹೊತ್ತಾದ ಮೇಲೆ ಕೆಮ್ಮಿದವಳು ಕಲ್ಯಾಣಿ.

ಗೋಪಮ್ಮ ಒಳಗೆ ಹೋಗಿ ಒಂದು ತುತ್ತು ಬಾಯಿಗಿಟ್ಟಳು. ಸೊಸೆ ಕೇಳುವುದೋ ಬಿಡುವುದೋ ಎಂದು ಬಾಗಿಲಲ್ಲಿ ನಿಂತಿದ್ದಳು.

"ಸಪ್ಪಗದವ್ವ" ಅಂದಳು ಗೋಪಮ್ಮ. ಬಟ್ಟಲು ಬರಿದಾಗುವ ತನಕ ತಿಂದಳು.